ಹಲಗೆಯ ಮೇಲಿನ ಏಪ್ರಿಲ್ 5

ಬೆಳಗಿನ ಕಾಫಿಯ ಜೊತೆ ವರ್ತಮಾನ ಪತ್ರಿಕೆ ಬಿಡಿಸಿದರೆ ಒಳಪುಟದ ಮೂಲೆಯಲ್ಲಿ ಒಂದು ಸಣ್ಣ ಚೌಕ ಕಾಣುತ್ತದೆ. 'ಇತಿಹಾಸದಲ್ಲಿ ಈ ದಿನ' ಎಂದೋ 'ದಿನ ವಿಶೇಷ' ಎಂದೋ ಅದಕ್ಕೆ ಹೆಸರು. ಇಂದು ಯಾರು ಹುಟ್ಟಿದರು, ಯಾರು ಸತ್ತರು, ಯಾವ ದೇಶದಲ್ಲಿ ಯಾವ ದೊರೆಯ ತಲೆ ಉರುಳಿತು ಎಂಬುದೆಲ್ಲ ಆರೇಳು ಸಾಲುಗಳಲ್ಲಿ ಮುಗಿದಿರುತ್ತದೆ. ಈಗ ಅದೇ ಚೌಕ ಮೊಬೈಲಿಗೂ ಹಾರಿ ಬಂದಿದೆ. ಹಾಸಿಗೆಯಿಂದ ಏಳುವ ಮೊದಲೇ ನಾಲ್ಕು ಮಂದಿ ಕಳುಹಿಸಿರುತ್ತಾರೆ. ಈ ಚೌಕದ ಮೇಲೆ ನನಗೊಂದು ತಕರಾರು ಉಂಟು. ಅದನ್ನು ಹೇಳುವ ಮೊದಲು ನನ್ನ ಅಪರಾಧವನ್ನು ಒಪ್ಪಿಕೊಳ್ಳುವುದು ನ್ಯಾಯ.

ನಾನು ಪುತ್ತೂರು, ಸುಳ್ಯ ಸೀಮೆಯ ಶಾಲೆಗಳಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಾಸ್ತರಿಕೆ ಮಾಡಿದವನು. ಪ್ರಾರ್ಥನೆಯ ಅಂಗಳದ ಬದಿಯಲ್ಲಿ ಒಂದು ಕಪ್ಪು ಹಲಗೆ ಇರುತ್ತಿತ್ತು. ಮೇಲೆ ಸುಭಾಷಿತ, ಕೆಳಗೆ ದಿನ ವಿಶೇಷ. ಬರೆಯುವ ಕೆಲಸ ನನ್ನದು, ಏಕೆಂದರೆ ನನ್ನ ಅಕ್ಷರ ದುಂಡಗೆ. ವಿಷಯಕ್ಕೆ ಒಂದು ಹಳೆಯ ಸಾಮಾನ್ಯಜ್ಞಾನದ ಪುಸ್ತಕವಿತ್ತು; ಅದರಿಂದ ಎತ್ತಿ ಬರೆಯುವುದು, ಮರುದಿನ ಅಳಿಸುವುದು. ಒಂದು ಏಪ್ರಿಲ್ 5ರಂದು ಹೀಗೆ ಬರೆದಿದ್ದೆ: 1588ರಲ್ಲಿ ಇಂಗ್ಲೆಂಡಿನ ತತ್ತ್ವಜ್ಞಾನಿ ಥಾಮಸ್ ಹಾಬ್ಸ್ ಜನನ, 1722ರಲ್ಲಿ ಈಸ್ಟರ್ ದ್ವೀಪದ ಶೋಧ, 1794ರಲ್ಲಿ ಫ್ರಾನ್ಸಿನ ಡಾಂಟನ್‌ಗೆ ಮರಣದಂಡನೆ, 1908ರಲ್ಲಿ ಬಾಬು ಜಗಜೀವನರಾಮ್ ಜನನ, 1930ರಲ್ಲಿ ಗಾಂಧೀಜಿ ದಾಂಡಿ ತಲುಪಿದರು, 1955ರಲ್ಲಿ ಚರ್ಚಿಲ್ ರಾಜೀನಾಮೆ, ಮತ್ತು ರಾಷ್ಟ್ರೀಯ ನೌಕಾಯಾನ ದಿನ.

ಬೆಳ್ಳಾರೆ ಕಡೆಯಿಂದ ಬಸ್ಸಿನಲ್ಲಿ ಬರುತ್ತಿದ್ದ ಒಬ್ಬ ಹುಡುಗಿ ಪರೀಕ್ಷೆಗೆ ಹೋಗುವ ಮುಂಚೆ ಹಲಗೆಯ ಮುಂದೆ ನಿಂತು ಎಲ್ಲವನ್ನೂ ಓದಿದಳು. ಆಮೇಲೆ ಕೇಳಿದಳು: "ಮಾಸ್ಟ್ರೇ, ಇವತ್ತು ನಮ್ಮ ಕಡೆ ಎಂತ ಸಹ ಆಗ್ಲಿಲ್ವಾ?"

"ನಮ್ಮ ಕಡೆ ಎಂತ ಆಗ್ಲಿಕ್ಕುಂಟು ಮಾರಾಯ್ತಿ? ಹೋಗು, ಬೆಲ್ ಆಯ್ತು" ಎಂದೆ.

ಇಷ್ಟು ದೊಡ್ಡ ಸುಳ್ಳನ್ನು ನಾನು ಬೇರೆ ಯಾವ ವಿದ್ಯಾರ್ಥಿಗೂ ಹೇಳಿದವನಲ್ಲ. ಆ ಹುಡುಗಿ ಬಸ್ಸು ಹತ್ತುವ ಬೆಳ್ಳಾರೆಯಲ್ಲಿಯೇ 1837ರ ಮಾರ್ಚ್ ತಿಂಗಳ ಕೊನೆಗೆ ರೈತರ ದಂಡು ಕಂಪೆನಿ ಸರಕಾರದ ಖಜಾನೆಯನ್ನು ಹಿಡಿದಿತ್ತು. ಅದೇ ದಂಡು ಪುತ್ತೂರು, ಪಾಣೆಮಂಗಳೂರುಗಳನ್ನು ದಾಟಿ, ಏಪ್ರಿಲ್ 5ರಂದು ಮಂಗಳೂರಿನಲ್ಲಿ, ಈಗ ನಾವು ಬಾವುಟಗುಡ್ಡೆ ಎನ್ನುವ ಗುಡ್ಡದ ಮೇಲೆ, ಕಂಪೆನಿಯ ಬಾವುಟ ಇಳಿಸಿ ತನ್ನದನ್ನು ಏರಿಸಿತ್ತು. ಹದಿಮೂರು ದಿನ ಮಂಗಳೂರು ಅವರ ಕೈಯಲ್ಲಿತ್ತು. ನಾನು ಹಲಗೆಯ ಮೇಲೆ ಹಾಬ್ಸನ ಹುಟ್ಟುಹಬ್ಬ ಮಾಡುತ್ತಿದ್ದೆ!

ಹಾಬ್ಸನ ವಿಷಯ ಬಂದದ್ದರಿಂದ ಅದನ್ನೂ ಮುಗಿಸಿಬಿಡುತ್ತೇನೆ. ಆತ ಹುಟ್ಟಿದಾಗ ಇಂಗ್ಲೆಂಡಿನಲ್ಲಿ ನಡೆಯುತ್ತಿದ್ದುದು ಜೂಲಿಯನ್ ಪಂಚಾಂಗ. 1752ರಲ್ಲಿ ಅದನ್ನು ಬಿಟ್ಟು ಈಗಿನದಕ್ಕೆ ಬಂದರು. ಈಗಿನ ಲೆಕ್ಕಕ್ಕೆ ತಂದರೆ ಆತ ಹುಟ್ಟಿದ್ದು ಏಪ್ರಿಲ್ 15ಕ್ಕೆ. ಇದೇ ದಿನದ ಪಟ್ಟಿಯಲ್ಲಿ ಹೆಚ್ಚಾಗಿ ಬರುವ 1242ರ ರಷ್ಯದ ಮಂಜುಗಡ್ಡೆಯ ಮೇಲಿನ ಕಾಳಗವೂ ಹಾಗೆಯೇ. ಸರಿಯಾಗಿ ಎಣಿಸಿದರೆ ಏಪ್ರಿಲ್ 12. ಅಂದರೆ 'ಒಂದೇ ದಿನ' ಎಂದು ಸಾಲಾಗಿ ನಿಲ್ಲಿಸಿದವರು ಒಂದೇ ದಿನದವರೂ ಅಲ್ಲ, ಒಂದೇ ನೆಲದವರಂತೂ ಅಲ್ಲವೇ ಅಲ್ಲ. ಸಂತೆಯಲ್ಲಿ ಒಬ್ಬರ ಹೆಗಲು ಇನ್ನೊಬ್ಬರಿಗೆ ತಾಗಿದ ಮಾತ್ರಕ್ಕೆ ನೆಂಟಸ್ತಿಕೆಯಾಗುತ್ತದೆಯೆ?

ಹೆಸರಿನ ಗೊಂದಲವೂ ಇದರಂತೆಯೇ. ಕಡಬ ತಾಲ್ಲೂಕು ಹೊಸತಾಗಿ ಬಂದಾಗ ಒಬ್ಬರು ಬಹು ಉತ್ಸಾಹದಿಂದ ರಾಷ್ಟ್ರಕೂಟ ಗೋವಿಂದನ ಕಾಲದ, ಕ್ರಿ.ಶ. 812ರ ಕಡಬ ತಾಮ್ರಶಾಸನವನ್ನು ನಮ್ಮ ಕುಮಾರಧಾರೆಯ ದಡಕ್ಕೆ ತಂದು ಭಾಷಣ ಮಾಡಿದರು. ಆ ಕಡಬ ತುಮಕೂರಿನ ಕಡೆ, ಗುಬ್ಬಿ ತಾಲ್ಲೂಕಿನದು. ಚಪ್ಪಾಳೆ ಮಾತ್ರ ಚೆನ್ನಾಗಿ ಬಿತ್ತು.

ಈಗ ಓದುಗರು ಕೇಳಬಹುದು: "ಸರಿ, ಪಟ್ಟಿಯಲ್ಲಿ 1837 ಇಲ್ಲ. ಒಂದು ಸಾಲು ಸೇರಿಸಿದರೆ ಮುಗಿಯಿತಲ್ಲ, ಇಷ್ಟು ಗದ್ದಲವೇಕೆ?" ಕೆಲವು ವರ್ಷಗಳಿಂದ ಈ ಸೇರಿಸುವ ಕೆಲಸ ನಡೆದೂ ಇದೆ. ಅಮರಸುಳ್ಯದ ಸಮರದ ಬಗ್ಗೆ ಪುಸ್ತಕಗಳು ಬಂದಿವೆ, ನಾಟಕಗಳಾಗಿವೆ. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಕಂಚಿನ ಪ್ರತಿಮೆಯೂ ನಿಂತಿದೆ. ಇದೆಲ್ಲ ಆಗಬೇಕಾದದ್ದೇ, ನನಗೆ ಸಂತೋಷವೇ. ಆದರೆ ಸೇರಿಸಿದ ಸಾಲು ಹೇಗಿರುತ್ತದೆ ನೋಡಿ: '1837: ಮಂಗಳೂರಿನಲ್ಲಿ ಬ್ರಿಟಿಷರ ವಿರುದ್ಧ ಬಾವುಟ.' ಡಾಂಟನ್‌ನ ತಲೆ, ಚರ್ಚಿಲ್ಲರ ರಾಜೀನಾಮೆ, ನಮ್ಮವರ ಬಾವುಟ, ಎಲ್ಲಕ್ಕೂ ಅದೇ ಅಳತೆ, ಅದೇ ಅಚ್ಚು. ಆ ರೈತ ಏಕೆ ಎದ್ದ ಎಂಬುದು ಎಲ್ಲಿಯೂ ಇಲ್ಲ. ಚೌಕಕ್ಕೆ ಕಾರಣ ಬೇಡ, ತಾರೀಕು ಸಾಕು. ನನ್ನ ಜಗಳ ಇರುವುದೇ ಇಲ್ಲಿ.

ಕಾರಣವನ್ನು ಹೇಳಹೊರಟರೆ ಮೂರು ವರ್ಷ ಹಿಂದಕ್ಕೆ ಹೋಗಬೇಕು. ನಮ್ಮ ಅಮರಸುಳ್ಯದ ಸೀಮೆ, ಪುತ್ತೂರಿನ ಸೀಮೆ ಆಗ ಕೊಡಗಿನ ಅರಸರ ಕೈಯಲ್ಲಿತ್ತು. 1834ರಲ್ಲಿ ಕಂಪೆನಿ ಚಿಕ್ಕವೀರರಾಜನನ್ನು ಗದ್ದಿಗೆಯಿಂದ ಇಳಿಸಿ ಕೊಡಗನ್ನು ನುಂಗಿತು. ಘಟ್ಟದ ಕೆಳಗಿನ ಈ ತುಂಡನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಹಾಕಿತು. ಅರಸರ ಕಾಲದಲ್ಲಿ ರೈತ ಕಂದಾಯವನ್ನು ಬೆಳೆದ ಬೆಳೆಯಲ್ಲೇ ಕೊಡುತ್ತಿದ್ದ. ಕಲೆಕ್ಟರರ ಲೆಕ್ಕದ ಪುಸ್ತಕಕ್ಕೆ ಭತ್ತ ಹಿಡಿಸುವುದಿಲ್ಲ. ಅದಕ್ಕೆ ರೊಕ್ಕವೇ ಬೇಕು. ಕಾಡಿನ ನಡುವೆ ಗದ್ದೆ ಮಾಡಿಕೊಂಡಿದ್ದವನು ರೊಕ್ಕವನ್ನು ಎಲ್ಲಿಂದ ತರಬೇಕು? ಸಾಲ ಕೊಡುವವನ ಜಗಲಿಯಿಂದ. ಅವನು ಹೇಳಿದ ಬಡ್ಡಿಗೆ, ಅವನು ಹೇಳಿದ ಕ್ರಯಕ್ಕೆ. ಬೆಳೆ ಅದೇ, ಗದ್ದೆ ಅದೇ, ಮಳೆಯೂ ಅದೇ. ಕಂದಾಯ ತೆರುವ ರೀತಿ ಒಂದು ಬದಲಾದದ್ದಕ್ಕೆ ಮನೆ ಬರಿದಾಯಿತು. ಇದರ ಮೇಲೆ ಉಪ್ಪು, ಹೊಗೆಸೊಪ್ಪುಗಳ ವ್ಯಾಪಾರವೂ ಕಂಪೆನಿಯ ಹಿಡಿತದಲ್ಲಿತ್ತು. ಗಂಜಿಗೆ ಉಪ್ಪು, ಬಾಯಿಗೆ ಹೊಗೆಸೊಪ್ಪು. ಎರಡಕ್ಕೂ ಸರಕಾರದ ಬೆಲೆ.

ಸುಳ್ಯದ ಬಳಿಯ ಪೂಮಲೆಯಲ್ಲಿ, ಮದುವೆಯೊಂದರ ನೆಪ ಮಾಡಿ, ಜನ ಸೇರಿದರು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳು. ಮಾರ್ಚ್ 30ಕ್ಕೆ ದಂಡು ಹೊರಟಿತು. ಅವರನ್ನು ತಡೆಯಲೆಂದು ಪುತ್ತೂರಿನವರೆಗೆ ಬಂದ ಕಲೆಕ್ಟರ್ ಲೆವಿನ್ ಅಲ್ಲಿಂದಲೇ ಹಿಂದೆ ಸರಿದ. ಪುತ್ತೂರಿನ ಪೇಟೆಯಲ್ಲಿ ದಿನವೂ ಓಡಾಡುವ ನಮಗೆ ಇದು ಗೊತ್ತುಂಟೆ? ವಾಟರ್ಲೂ ಗೊತ್ತುಂಟು.

ಇನ್ನು ದಿನದ ಮಾತು. ಆ ದಂಡಿನಲ್ಲಿ ಹೋದವನಿಗೆ ಅಂದು 'ಏಪ್ರಿಲ್ 5' ಎಂದು ಯಾರಾದರೂ ಹೇಳಿದ್ದರೆ ಅರ್ಥವಾಗುತ್ತಿರಲಿಲ್ಲ. ಅರೆಭಾಷೆಯ ಮನೆಯವನಾಗಲಿ ತುಳುವಿನ ಮನೆಯವನಾಗಲಿ, ಅವನಿಗೆ ಅದು ಸುಗ್ಗಿ ತಿಂಗಳು. ಮುಂದೆ ಪಗ್ಗು, ಪಗ್ಗಿನ ಮೊದಲ ದಿನ ಬಿಸು. ಮಂಗಳೂರನ್ನು ಹಿಡಿದುಕೊಂಡಿದ್ದ ಹದಿಮೂರು ದಿನಗಳ ಒಳಗೇ ಆ ವರ್ಷದ ಬಿಸು ಬಂದುಹೋಗಿರಬೇಕು. ಹೊಸ ವರ್ಷದ ಕಣಿ ಇಡಬೇಕಾದ ಬೆಳಿಗ್ಗೆ ಮನೆಯ ಗಂಡಸರು ಕಡಲ ಕರೆಯಲ್ಲಿ, ಹೆಂಗಸರು ಮಕ್ಕಳು ಘಟ್ಟದ ಬುಡದಲ್ಲಿ. ಗದ್ದೆಗೆ ಮೊದಲ ಗೆರೆ ಹಾಕುವ ಹೊತ್ತಿಗೆ ಮನೆಯಲ್ಲಿ ನೊಗ ಹಿಡಿಯುವವರಿಲ್ಲ. ಈ ಮಾತು ಯಾವ ಚೌಕದಲ್ಲೂ ಬರುವುದಿಲ್ಲ, ಏಕೆಂದರೆ ಚೌಕಕ್ಕೆ ಬಿಸು ಗೊತ್ತಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಅವರು ಬಿಟ್ಟುಹೋದದ್ದು ಎಂಥ ದಿನ ಎಂದು ತಿಳಿದಾಗಲೇ ಅವರು ಹೋದದ್ದು ಎಷ್ಟು ದೊಡ್ಡ ಕೆಲಸ ಎಂಬುದು ನನಗೆ ತಿಳಿದದ್ದು.

ಹಾಗಾದರೆ 1837ರ ಏಪ್ರಿಲನ್ನು ನೆನಪಿಡಬೇಕೆಂದು ಅಂದು ಯಾರಿಗೂ ತೋರಲಿಲ್ಲವೆ? ತೋರಿತು. ಕಂಪೆನಿಗೆ ತೋರಿತು! ದಂಗೆಯನ್ನು ಅಡಗಿಸುವಾಗ ತನ್ನ ಪಕ್ಷದಲ್ಲಿ ನಿಂತ ಕೊಡಗಿನವರಿಗಾಗಿ ಅದು ಪದಕಗಳನ್ನು ಹೊಡೆಸಿತು. ಆ ಪದಕದಲ್ಲಿ ಇಂಗ್ಲಿಷಿನಲ್ಲಿ ಸರಕಾರಕ್ಕೆ ತೋರಿದ ನಿಷ್ಠೆಯ ಹೊಗಳಿಕೆ, ಕೊಡಗಿನ ಹೆಸರು, 'ಏಪ್ರಿಲ್ 1837' ಎಂಬ ಕಾಲ. ಜೊತೆಗೆ ಕನ್ನಡ ಲಿಪಿಯಲ್ಲಿ ಬರಹ. ನಮ್ಮ ನಾಡಿನ ಆ ಏಪ್ರಿಲನ್ನು ಲೋಹದಲ್ಲಿ ಕೆತ್ತಿ, ಕನ್ನಡದಲ್ಲೂ ಬರೆದು, ಹಂಚಿದವರು ಅದನ್ನು ತುಳಿದವರೇ. ಪಡೆದವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಅವರವರ ಮನೆಯ ಕಷ್ಟ ಅವರವರಿಗೆ. ಗೆದ್ದವನ ಕೈಯಲ್ಲಿ ತಾರೀಕು ಉಳಿಯಿತು, ಸೋತವನ ಕೈಯಲ್ಲಿ ಒಂದು ಅಡ್ಡಹೆಸರು ಉಳಿಯಿತು ಎನ್ನುವುದಷ್ಟೇ ನನ್ನ ಮಾತು.

ಆ ಅಡ್ಡಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ನನ್ನ ಅಜ್ಜಿ ಗಲಾಟೆ ಮಾಡುವ ಮಕ್ಕಳಿಗೆ "ಎಂತ ಕಲ್ಯಾಣಪ್ಪನ ಕಾಟಕಾಯಿಯೋ ಇದು" ಎನ್ನುತ್ತಿದ್ದಳು. ಅದೊಂದು ಯುದ್ಧದ ಹೆಸರು ಎಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಈಗಿನ ಅಭಿಮಾನಿಗಳು ಈ ಹೆಸರನ್ನು ಬಿಟ್ಟುಬಿಡಿ, ಅದು ಅವಮಾನ ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ದಂಡು ಹೋದ ದಾರಿಯಲ್ಲಿ ಎಲ್ಲರ ಮನೆಯೂ ಸುಖವಾಗಿರಲಿಲ್ಲ. 'ಕಾಟ' ಎಂಬ ಮಾತು ಗಾಳಿಯಿಂದ ಬಂದದ್ದಲ್ಲ. ಕಲ್ಯಾಣಸ್ವಾಮಿ ಎಂದು ಜನರ ಮುಂದೆ ನಿಂತವನು ನಿಜವಾಗಿ ಪುಟ್ಟಬಸಪ್ಪ ಎಂಬುದೂ ಮುಚ್ಚಿಡಬೇಕಾದ ವಿಷಯವಲ್ಲ. ಅರಸು ಮನೆತನದ ಹೆಸರಿಲ್ಲದೆ ಜನ ಏಳುವುದಿಲ್ಲ ಎಂದು ತಿಳಿದ ಮುಂದಾಳುಗಳು ಒಬ್ಬನಿಗೆ ಆ ಹೆಸರು ಹೊರಿಸಿದರು. ಹೊತ್ತವನು ಕೊನೆಯವರೆಗೆ ಹೊತ್ತ, ಬಿಕರ್ನಕಟ್ಟೆಯ ಗಲ್ಲಿನವರೆಗೆ. ಸುಳ್ಳು ಹೆಸರಿಗಾಗಿ ನಿಜವಾದ ಪ್ರಾಣ ಕೊಟ್ಟವನನ್ನು ವಂಚಕ ಎನ್ನುವುದೋ ವೀರ ಎನ್ನುವುದೋ, ಮಕ್ಕಳು ಕೂತು ಜಗಳವಾಡಲಿ. ನಮ್ಮ ಕುಳ್ಕುಂದದಲ್ಲಿ 1924ರ ಜೂನ್ 15ರಂದು ಹುಟ್ಟಿದ ನಿರಂಜನರು ಇದೇ ವಿಷಯವನ್ನು ಹಿಡಿದು 'ಕಲ್ಯಾಣಸ್ವಾಮಿ' ಕಾದಂಬರಿ ಬರೆದರು. ಆ ಕುಳ್ಕುಂದ ಈಗ ಕಡಬ ತಾಲ್ಲೂಕಿಗೆ ಸೇರಿದೆ. ಕಡಬದವರು ತುಮಕೂರಿನ ಶಾಸನವನ್ನು ಹೊತ್ತು ತರುವ ಶ್ರಮಕ್ಕೆ ಬದಲು ಈ ಪುಸ್ತಕವನ್ನು ಶಾಲೆಯ ಕಪಾಟಿಗೆ ತರಬಹುದಿತ್ತು.

ಇನ್ನೊಂದು ರೋಗ, ಯಾರು ಮೊದಲು ಎಂಬುದು. 1857ಕ್ಕಿಂತ ಇಪ್ಪತ್ತು ವರ್ಷ ಮೊದಲು ನಾವು. ನಮಗಿಂತ ಮೊದಲು ಕಿತ್ತೂರು. ಅದಕ್ಕಿಂತ ಮೊದಲು ಮತ್ತಾರೋ. ಓಟದ ಪಂದ್ಯವೆ? ಸಂಗೊಳ್ಳಿ ರಾಯಣ್ಣ ಹುಟ್ಟಿದ್ದು ಆಗಸ್ಟ್ 15ರಂದು ಎನ್ನುತ್ತಾರೆ, ನಂದಗಡದಲ್ಲಿ ಗಲ್ಲಿಗೇರಿದ್ದು 1831ರ ಜನವರಿ 26ರಂದು. ಎರಡೂ ಮುಂದೆ ದೇಶದ ಹಬ್ಬದ ದಿನಗಳಾದವು. ಭಾಷಣಕಾರರು ಇದರಲ್ಲಿ ದೈವಸಂಕೇತ ಕಾಣುತ್ತಾರೆ. ರಾಯಣ್ಣ ಫೆಬ್ರವರಿಯ ಯಾವುದೋ ಮಂಗಳವಾರ ಗಲ್ಲಿಗೇರಿದ್ದರೆ ಅವನ ಕೊರಳಿನ ನೋವು ಕಡಿಮೆಯಾಗುತ್ತಿತ್ತೆ? ನಮ್ಮ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದ್ದು 1837ರ ಅಕ್ಟೋಬರ್ 31ರಂದು. ಆ ದಿನದ ಚೌಕದಲ್ಲಿ 1875ರ ಸರದಾರ ಪಟೇಲರ ಜನನ ಉಂಟು, 1984ರ ಇಂದಿರಾ ಗಾಂಧಿಯವರ ಹತ್ಯೆ ಉಂಟು, ಜಾಗ ಮುಗಿಯಿತು. ದೊಡ್ಡವರ ದಿನದಲ್ಲಿ ಸತ್ತದ್ದು ಅಪ್ಪಯ್ಯ ಗೌಡರ ತಪ್ಪು!

ಪುತ್ತೂರಿನವರು ಒಂದು ದಿನವನ್ನು ಮಾತ್ರ ಮರೆಯುವುದಿಲ್ಲ, ಅಕ್ಟೋಬರ್ 10. ಶಿವರಾಮ ಕಾರಂತರು ಕೋಟದಲ್ಲಿ ಹುಟ್ಟಿದ್ದು 1902ರ ಆ ದಿನ. ನಾಲ್ಕು ವರ್ಷದ ಮೇಲೆ, 1906ರಲ್ಲಿ, ಅದೇ ದಿನ ಆರ್. ಕೆ. ನಾರಾಯಣರು ಮದ್ರಾಸಿನಲ್ಲಿ ಹುಟ್ಟಿದರು. ಚೌಕದವರಿಗೆ ಇದು ಬಹಳ ರುಚಿ. ಒಬ್ಬರು ಮೈಸೂರಿನಲ್ಲಿ ಕುಳಿತು ಇಂಗ್ಲಿಷಿನಲ್ಲಿ ಊರೊಂದನ್ನು ಕಟ್ಟಿದರು, ಇನ್ನೊಬ್ಬರು ಪುತ್ತೂರಿನ ಗುಡ್ಡದ ಮೇಲೆ ಕುಳಿತು ಕಾದಂಬರಿ, ವಿಜ್ಞಾನ, ಯಕ್ಷಗಾನ ಎಲ್ಲಕ್ಕೂ ಕೈ ಹಾಕಿದರು; ತಾರೀಕಿನ ಹೊರತು ಏನು ಸಂಬಂಧ? ಆದರೂ ಪುತ್ತೂರಿನ ಮಕ್ಕಳಿಗೆ ಈ ದಿನ ಉಳಿದಿರುವ ಗುಟ್ಟು ಬೇರೆ. ಪರ್ಲಡ್ಕದಲ್ಲಿ ಬಾಲವನ ಉಂಟು. ಅಲ್ಲಿಗೆ ನಡೆದು ಹೋಗಬಹುದು, ಅವರು ವಾಸವಾಗಿದ್ದ ಮನೆಯನ್ನು ನೋಡಬಹುದು, ಮರದ ನೆರಳಿನಲ್ಲಿ ಕುಳಿತು ಬುತ್ತಿ ಬಿಚ್ಚಬಹುದು. ಕಾಲಿಗೆ ಗೊತ್ತಾದದ್ದು ತಲೆಯಲ್ಲಿ ಉಳಿಯುತ್ತದೆ.

ನನ್ನನ್ನು ಬಾವಿಯ ಕಪ್ಪೆ ಎಂದು ಬೈಯುವವರು ಇರಬಹುದು. ಊರಾಚೆಯದು ಮಕ್ಕಳಿಗೆ ಬೇಡವೆ? ಬೇಕು. ಊರಿನಿಂದ ಹೊರಟು ಹೋಗಲಿ ಎನ್ನುತ್ತೇನೆ. ಇದೇ ಏಪ್ರಿಲ್ 5ನ್ನು ಸುಳ್ಯದಲ್ಲಿ ನಿಂತು ನೋಡಿ. 1930ರಲ್ಲಿ ಗಾಂಧೀಜಿ ದಾಂಡಿಗೆ ಬಂದು ತಲುಪಿದ್ದು ಅಂದು, ಉಪ್ಪು ಎತ್ತಿದ್ದು ಮರುದಿನ. ಉಪ್ಪಿನ ಮೇಲೆ ಪರದೇಶಿ ಸರಕಾರದ ಹಿಡಿತ ಎಂದರೆ ಏನೆಂದು 1837ರ ನಮ್ಮ ರೈತನಿಗೆ ಗೊತ್ತಿತ್ತು. ಈಗ ಎರಡು ಸಾಲುಗಳ ನಡುವೆ ಮಾತು ಹುಟ್ಟಿತಲ್ಲವೆ? 1922ರಲ್ಲಿ ಅದೇ ದಿನ ಪುಣೆಯ ಕಡೆಯ ಕೇಡಗಾಂವ್‌ನಲ್ಲಿ ಪಂಡಿತಾ ರಮಾಬಾಯಿ ತೀರಿಕೊಂಡರು. ಅವರು ಹುಟ್ಟಿದ್ದು ನಮ್ಮದೇ ಘಟ್ಟದ ಗಂಗಾಮೂಲದ ಕಾಡಿನಲ್ಲಿ, 1858ರಲ್ಲಿ. ಹೆಂಡತಿಗೆ ಸಂಸ್ಕೃತ ಕಲಿಸಿದ ತಪ್ಪಿಗೆ ಊರವರ ವಿರೋಧ ಕಟ್ಟಿಕೊಂಡು ಕಾಡು ಸೇರಿದ ಶಾಸ್ತ್ರಿಯ ಮಗಳು. ಆ ಗಂಗಾಮೂಲದಿಂದ ಇಳಿಯುವ ನೇತ್ರಾವತಿಯ ನೀರಿಗೆ ನಮ್ಮ ಸುಬ್ರಹ್ಮಣ್ಯದ ಕುಮಾರಧಾರೆ ಉಪ್ಪಿನಂಗಡಿಯಲ್ಲಿ ಬಂದು ಸೇರುತ್ತದೆ. 1957ರಲ್ಲಿ, ಮತ್ತೆ ಏಪ್ರಿಲ್ 5ರಂದೇ, ಕೇರಳದ ಮೊದಲ ಕಮ್ಯೂನಿಸ್ಟ್ ಸರಕಾರ ಪ್ರಮಾಣವಚನ ಸ್ವೀಕರಿಸಿತು. ಮುಖ್ಯಮಂತ್ರಿ ನಂಬೂದಿರಿಪಾಡರು ಗೆದ್ದು ಬಂದಿದ್ದುದು ನೀಲೇಶ್ವರದಿಂದ. ಆ ನೀಲೇಶ್ವರ ಐದು ತಿಂಗಳ ಹಿಂದಿನವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿತ್ತು. 1956ರ ನವೆಂಬರ್ 1ರ ಗೆರೆ ನಮ್ಮ ಮನೆಯ ಹಿಂದೆಯೇ ಹಾದುಹೋಯಿತು. ಸುಳ್ಯದ ಪಯಸ್ವಿನಿ ಇಂದಿಗೂ ಆ ಗೆರೆ ದಾಟಿ ಕಾಸರಗೋಡಿನ ಕಡಲಿಗೇ ಹೋಗುತ್ತದೆ.

ಇಷ್ಟೆಲ್ಲ ಬರೆಯಲು ಕಾರಣವಾದ ಸಂಗತಿ ಒಂದುಂಟು. ನಮ್ಮ ಕಡೆಯ ಒಂದು ಶಾಲೆಯ ಎಳೆಯ ಮಾಸ್ತರರೊಬ್ಬರು ಮನೆಗೆ ಬಂದಿದ್ದರು. ಗೋಡೆಗೆ ಹಾಕಲು ವರ್ಷವಿಡೀ ದಿನಕ್ಕೊಂದರಂತೆ ಸ್ಥಳೀಯ ವಿಶೇಷಗಳ ಪಟ್ಟಿ ಬೇಕಂತೆ. ನಾನು ಬರೆದು ಕೊಟ್ಟೆ. ನೋಡಿ ಮುಖ ಸಣ್ಣದು ಮಾಡಿದರು.

"ಇದರಲ್ಲಿ ಹತ್ತೊಂಬತ್ತು ದಿನ ಮಾತ್ರ ಉಂಟಲ್ಲ ಮಾಸ್ಟ್ರೇ. ಉಳಿದದ್ದು ಖಾಲಿ."

"ಖಾಲಿ ಇರಲಿ. ನನಗೆ ಗೊತ್ತಿರುವುದು ಅಷ್ಟೆ. ಉಳಿದದ್ದನ್ನು ಮಕ್ಕಳು ಅಜ್ಜಿಯರ ಹತ್ತಿರ ಕೇಳಿ ತುಂಬಿಸಲಿ."

"ಖಾಲಿ ಬಿಡ್ಲಿಕ್ಕೆ ಆಗುವುದಿಲ್ಲ. ಮೇಲಿನಿಂದ ನೋಡ್ಲಿಕ್ಕೆ ಬರ್ತಾರೆ. ಮೊಬೈಲಲ್ಲಿ ಹುಡುಕಿದರೆ ಎಲ್ಲ ದಿನಕ್ಕೂ ಸಿಗ್ತದೆ."

ಸಿಗುತ್ತದೆ, ನಿಜ. ಮಾರ್ಚ್ 30ಕ್ಕೆ ಹುಡುಕಿದರೆ ವ್ಯಾನ್ ಗೋ ಹುಟ್ಟಿದ್ದು ಸಿಗುತ್ತದೆ, ಅಮೆರಿಕದವರು 1867ರಲ್ಲಿ ರಷ್ಯದಿಂದ ಅಲಾಸ್ಕಾ ಕೊಂಡುಕೊಂಡದ್ದು ಸಿಗುತ್ತದೆ. ಪೂಮಲೆ ಸಿಗುವುದು ಕಷ್ಟ. ಅವರು ಒಳ್ಳೆಯ ಹುಡುಗ. ಪಟ್ಟಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು, ನೋಡುತ್ತೇನೆ ಎಂದರು. ಏಪ್ರಿಲ್ 5ರ ಹೊತ್ತಿಗೆ ಪರೀಕ್ಷೆಯ ಗಡಿಬಿಡಿ, ಮಕ್ಕಳನ್ನು ಹೊರಗೆ ಕರೆದೊಯ್ಯಲಾಗದು ಎಂದೂ ಹೇಳಿದರು. ಹಾಗಾದರೆ ಫೆಬ್ರವರಿಯ ಯಾವುದಾದರೊಂದು ಶನಿವಾರ ಬೆಳ್ಳಾರೆಗೆ ಹೋಗೋಣ, ತಾರೀಕು ಯಾವುದಾದರೂ ನನಗೆ ಅಡ್ಡಿಯಿಲ್ಲ, ಬಸ್ಸಿನ ಖರ್ಚು ನನ್ನದು ಎಂದಿದ್ದೇನೆ. ಅವರ ಉತ್ತರ ಇನ್ನೂ ಬಂದಿಲ್ಲ.